ಸಹಾಯಮೇರಿ ಮೇಸ್ತ್ರಿಯ ಬರಿಪಾತ್ರೆ ಅಡುಗೆ

ರಾಮಕೃಷ್ಣನಗರದ ಆ ಹೊಸ ಮನೆಗೆ ಸಹಾಯಮೇರಿ ಬಂದಾಗ ಗೋಡೆಗಳಿಗೆಲ್ಲ ಗಾರೆ ಆಗಿತ್ತು, ಅಡುಗೆಮನೆ ಮಾತ್ರ ಖಾಲಿ ಇತ್ತು. ಕೈಯಲ್ಲೊಂದು ಬಟ್ಟೆಚೀಲ. ಅದರೊಳಗೆ ಕರಣೆ, ಅಳತೆ ಟೇಪು, ಒಂದು ಡಬ್ಬಿ ಸುಣ್ಣದ ಪುಡಿ, ಜಪಸರ. ಮನೆಯ ಯಜಮಾನ ಶಿವಪ್ರಕಾಶ್ ಫೋನು ಹಿಡಿದೇ ಕಾಯುತ್ತಿದ್ದ. ಟೈರ್ ಅಂಗಡಿ ನಡೆಸುವ ಅವನಿಗೆ ಸ್ವಂತ ಮನೆ ಹತ್ತು ವರ್ಷದ ಕನಸು.

"ನೋಡಿ ಮೇರಮ್ಮ, ಹಿಂಗೇ ಬರ್ಬೇಕು. ಮೂರು ಗೋಡೆಗೂ ಕಟ್ಟೆ. ನಾಳಿದ್ದು ಗ್ರಾನೈಟ್ ಬತ್ತದೆ."

ಮೇರಮ್ಮ ಫೋನಿನ ಚಿತ್ರ ನೋಡಿದರು. ಕಪ್ಪು ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಟ್ಟೆಯ ಮೇಲೊಂದು ಹೂದಾನಿ, ಎರಡು ನಿಂಬೆಹಣ್ಣು. ಅಡುಗೆ ಮಾಡುವವರು ಯಾರೂ ಇರಲಿಲ್ಲ.

"ಚೆನ್ನಾಗದೆ ಸಾರ್. ಬೆಳಗ್ಗೆ ಅಡುಗೆ ಯಾರು ಮಾಡ್ತಾರೆ?"

"ಇಬ್ರೂ ಮಾಡ್ತಾರೆ. ನಮ್ಮವ್ವ, ದಿವ್ಯ."

"ಹಂಗಾರೆ ನಾಳೆ ಬೆಳಗ್ಗೆ ಇಬ್ರುನೂ ಕರ್ಕಬನ್ನಿ. ದಿನಾ ಅಡುಗೆ ಮಾಡೋ ಪಾತ್ರೆನೂ ತನ್ನಿ. ಬರೀ ಪಾತ್ರೆ ಸಾಕು."

ಈ ಪದ್ಧತಿಯನ್ನು ಮೇರಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಒಂದು ತಪ್ಪಿನಿಂದ ಬಂದದ್ದು. ಅವರ ಗಂಡ ಸವರಿಯಪ್ಪ ಗಾರೆ ಮೇಸ್ತ್ರಿ. ಮದುವೆಯಾದ ಹೊಸದರಿಂದ ಇಪ್ಪತ್ತು ವರ್ಷ ಮೇರಮ್ಮ ಗಂಡನ ಹಿಂದೆ ಗಾರೆಯ ಬಾಂಡ್ಲಿ ಹೊತ್ತರು. ಹೊರುತ್ತ ಹೊರುತ್ತಲೇ ಅವರ ಕೈ ನೋಡಿ ಕೆಲಸ ಕಲಿತರು. ಸವರಿಯಪ್ಪ ಸೊಂಟ ಹಿಡಿದು ಮನೆಯಲ್ಲಿ ಕೂತ ವರ್ಷ ಸಿದ್ಧಾರ್ಥನಗರದಲ್ಲಿ ಒಂದು ಅಡುಗೆಮನೆ ಅರ್ಧಕ್ಕೆ ನಿಂತಿತ್ತು. ಮೇರಮ್ಮ ತಾವೇ ಕರಣೆ ಹಿಡಿದು ಅದನ್ನು ಮುಗಿಸಿದರು. ಕಟ್ಟೆಯ ಮಟ್ಟ ನೋಡಲು ರಸಮಟ್ಟ ಇಟ್ಟರೆ ಗುಳ್ಳೆ ನಟ್ಟನಡುವೆ ನಿಂತಿತು. ನೋಡಿದವರೆಲ್ಲ ಹೊಗಳಿದರು.

ಗೃಹಪ್ರವೇಶವಾಗಿ ತಿಂಗಳು ಕಳೆದ ಮೇಲೆ ಆ ದಾರಿಯಲ್ಲಿ ಹೋಗುತ್ತ ನೀರು ಕುಡಿಯಲೆಂದು ಒಳಗೆ ಹೋದರು. ಆ ಮನೆಯಾಕೆ ಹೊಳೆಯುವ ಕಟ್ಟೆಯನ್ನು ಬಿಟ್ಟು, ಒಲೆಯನ್ನು ನೆಲಕ್ಕೆ ಇಳಿಸಿಕೊಂಡು ಮುದ್ದೆ ತಿರುವುತ್ತಿದ್ದಳು. ಕಟ್ಟೆಯ ಮೇಲೆ ಹಳೇ ಪೇಪರು, ಬಾಚಣಿಗೆ, ಕರೆಂಟು ಬಿಲ್ಲು.

"ಎತ್ತರ ಆಯ್ತು ಕಣಮ್ಮ, ತಿರುವಕ್ಕೆ ಕೈಗೆ ಬಲ ಸಿಕ್ಕಲ್ಲ" ಅಂದಳು. ದೂರುವ ದನಿಯೇನೂ ಅಲ್ಲ.

ಅಳತೆ ಕೊಟ್ಟವನು ಅವಳ ಗಂಡ. ಕಟ್ಟಿದವರು ಮೇರಮ್ಮ. ಅವಳನ್ನು ಇಬ್ಬರೂ ಒಂದು ಮಾತು ಕೇಳಿರಲಿಲ್ಲ. ಮೇರಮ್ಮನೂ ದಿನಾ ಮುದ್ದೆ ತಿರುವುವ ಹೆಂಗಸೇ. ಟೇಪು ಕೈಗೆ ಬಂದೊಡನೆ ತಮ್ಮ ತೋಳಿಗೆ ಗೊತ್ತಿದ್ದದ್ದನ್ನೇ ಮರೆತಿದ್ದರು. ಆ ಭಾನುವಾರ ಚರ್ಚಿನಲ್ಲಿ ಮಂಡಿಯೂರಿದಾಗ ದೇವರ ಮುಂದೆ ಅವರಿಗೆ ಬೇರೇನೂ ನೆನಪಾಗಲಿಲ್ಲವಂತೆ, ಆ ಬಾಚಣಿಗೆ ಇಟ್ಟ ಕಟ್ಟೆ ಒಂದೇ.

ಅಂದಿನಿಂದ ಯಾರ ಮನೆಯಾದರೂ ಸರಿ, ಕಲ್ಲು ಕೂರಿಸುವ ಮೊದಲು ಬರಿಪಾತ್ರೆಯಲ್ಲಿ ಒಂದು ಹೊತ್ತಿನ ಅಡುಗೆ ಆಗಲೇಬೇಕು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ, ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಇಡುತ್ತಾರೆ. ಆಮೇಲೆ ಮೂಲೆಯಲ್ಲಿ ಕೂತು ನೋಡುತ್ತಾರೆ. ಸಂಜೆ ಮನೆಗೆ ಹೋದರೆ ಸವರಿಯಪ್ಪನ ಕೀಟಲೆ ಇದ್ದದ್ದೇ.

"ಏನಮ್ಮ ಮೇಸ್ತ್ರಿ, ಇವತ್ತು ಗಾಳಿ ಸಾರೋ, ಸುಣ್ಣದ ಪಲ್ಯನೋ?"

"ನಿಮಗೂ ಒಂದ್ ತಟ್ಟೆ ತಂದಿವ್ನಿ, ಉಣ್ಣಿ" ಎಂದು ಮೇರಮ್ಮ ಖಾಲಿ ಚೀಲ ತೋರಿಸುತ್ತಾರೆ.

ಮರುದಿನ ಬೆಳಗ್ಗೆ ಶಿವಪ್ರಕಾಶನ ಜೊತೆ ಅವನ ಹೆಂಡತಿ ದಿವ್ಯ ಮತ್ತು ತಾಯಿ ದೇವಿರಮ್ಮ ಪಾತ್ರೆಗಳೊಂದಿಗೆ ಬಂದರು. ದಿವ್ಯ ಶಾಲೆಯ ಟೀಚರು, ಎಂಟಕ್ಕೆಲ್ಲ ಹೊರಡಬೇಕು. ದೇವಿರಮ್ಮ ಎಪ್ಪತ್ತು ದಾಟಿದ ಕುಳ್ಳನೆಯ ಹೆಂಗಸು. ಹಳ್ಳಿಯಲ್ಲಿ ನಾಟಿಗೆ ಬಂದ ಇಪ್ಪತ್ತು ಆಳಿಗೆ ಒಬ್ಬರೇ ಮುದ್ದೆ ಮಾಡಿ ಹಾಕಿದ ಕೈ ಅವರದು.

"ನಿಮಗೆ ಹೆಂಗಿರ್ಬೇಕಮ್ಮ ಅಡುಗೆಮನೆ?" ಮೇರಮ್ಮ ಅವರನ್ನೇ ಕೇಳಿದರು.

"ಅವ್ರು ಹೆಂಗ್ ಹೇಳ್ತಾರೋ ಹಂಗೇ ಮಾಡವ್ವ. ನಂದೇನದೆ."

ಏಳಡಿ ಅಗಲ, ಒಂಬತ್ತಡಿ ಉದ್ದದ ಕೋಣೆ. ಮೇರಮ್ಮ ಶಿವಪ್ರಕಾಶನ ಚಿತ್ರದಂತೆಯೇ ಮೂರು ಕಡೆಗೂ ಗೆರೆ ಎಳೆದು, ಮೂವತ್ತಮೂರು ಇಂಚು ಎತ್ತರಕ್ಕೆ ಹಲಗೆ ಇಟ್ಟಿದ್ದರು. ನಡುವೆ ಉಳಿದದ್ದು ಮೂರಡಿ ಜಾಗ. ಫ್ರಿಜ್ಜಿನ ಜಾಗಕ್ಕೆ ಒಂದು ರಟ್ಟಿನ ಪೆಟ್ಟಿಗೆ.

"ಇದೇ ಒಲೆ" ಎಂದು ಇಟ್ಟಿಗೆ ತೋರಿಸಿದರು. "ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಾನಿಲ್ಲಿಲ್ಲ ಅನ್ಕಳಿ."

ದಿವ್ಯ ನಗುತ್ತಲೇ ಶುರು ಮಾಡಿದಳು. ಖಾಲಿ ಕುಕ್ಕರು ತೊಳೆದಳು, ಇಲ್ಲದ ಬೇಳೆ ಹಾಕಿದಳು. ನಗು ಬೇಗನೆ ನಿಂತು ಕೈ ಅದರ ಪಾಡಿಗೆ ಅದು ಓಡತೊಡಗಿತು. ದೇವಿರಮ್ಮ ಎಸರಿಟ್ಟು, ಹಿಟ್ಟು ಹಾಕಿ, ಮುದ್ದೆ ಕೋಲು ಹಿಡಿದರು. ಪಾತ್ರೆಯ ಬಾಯಿ ಅವರ ಭುಜದ ಮಟ್ಟಕ್ಕಿತ್ತು. ಮೊಳಕೈ ಕಿವಿಯ ತನಕ ಎದ್ದವು. ಎರಡು ಸುತ್ತು ತಿರುವಿ ನಿಂತರು. ಅಷ್ಟರಲ್ಲಿ ದಿವ್ಯ ಕುಕ್ಕರು ಹಿಡಿದು ಈ ಕಡೆಗೆ ತಿರುಗಿದಳು. ದೇವಿರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ದಿವ್ಯ ಫ್ರಿಜ್ಜಿಗೆ ಬಂದಳು, ಇನ್ನೊಂದು ಹೆಜ್ಜೆ. ಆಮೇಲೆ ಕೋಲು ಹಿಡಿದುಕೊಂಡೇ ಬಾಗಿಲಾಚೆ ನಿಂತರು.

"ನೀನ್ ಮುಗಿಸ್ಕವ್ವ. ನಂದು ಆಮೇಲಾಯ್ತದೆ."

ದಿವ್ಯ ಕೇಳಿಸಿಕೊಳ್ಳದೆ ಒಗ್ಗರಣೆಗೆ ಬಾಗಿದ್ದಳು. ಮೂಲೆಯಿಂದ ಮೇರಮ್ಮ ಮೆಲ್ಲಗೆ ಅಂದರು, "ದಿವ್ಯಮ್ಮ, ಒಂದ್ ಗಳಿಗೆ ಹಂಗೇ ನಿಂತ್ಕಳಿ. ನಿಮ್ಮತ್ತೆ ಎಲ್ಲವ್ರೆ ನೋಡಿ."

ದಿವ್ಯ ತಿರುಗಿ ನೋಡಿದಳು. "ಅತ್ತೆ, ಹೊರಗೇ ಹೋಗ್ಬುಟ್ರಲ್ಲ."

"ಈಗಿರೋ ಮನೇಲಿ ಮುದ್ದೆ ಎಲ್ಲಿ ಮಾಡ್ತೀರಮ್ಮ?" ಮೇರಮ್ಮ ದೇವಿರಮ್ಮನನ್ನು ಕೇಳಿದರು.

"ಹಿತ್ಲಲ್ಲಿ. ಒಂದು ತಗ್ಗು ಒಲೆ ಅದೆ."

ಈ ಹೊಸ ಮನೆಗೆ ಹಿತ್ತಿಲಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ, ಯಾರೂ ಯೋಚಿಸಿರಲಿಲ್ಲ. ಶಿವಪ್ರಕಾಶ್ ಕತ್ತು ತುರಿಸಿಕೊಂಡ.

"ಮುದ್ದೆ ಮಾಡೋ ಮಿಷನ್ ಬಂದದಂತೆ ಈಗ."

"ತಗಳಪ್ಪ" ಅಂದರು ದೇವಿರಮ್ಮ. ಕೋಲನ್ನು ಸೆರಗಿನಿಂದ ಒರೆಸಿ ಚೀಲದೊಳಗೆ ಇಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮುಗಿಯಿತು ಎನ್ನುವಂತಿತ್ತು, ಅಷ್ಟೇ.

ಮೇರಮ್ಮ ಎದ್ದರು. ಓಡಾಡಲು ಜಾಗವಾಗಲೆಂದು ಒಂದು ಕಡೆಯ ಹಲಗೆ, ಇಟ್ಟಿಗೆ ಎತ್ತಿಟ್ಟು ಆ ಕಟ್ಟೆಯ ಗೆರೆಯನ್ನು ಕಾಲಿನಿಂದ ಅಳಿಸಿದರು. ಪೂರ್ವದ ಗೋಡೆಗೆ ಮುಖ ಮಾಡಿಯೇ ಅಡುಗೆ ಆಗಬೇಕೆಂಬುದು ಆ ಮನೆಯವರ ನಂಬಿಕೆ, ಅದನ್ನು ಕೆಡಿಸಲಿಲ್ಲ. ಅದೇ ಗೋಡೆಯ ಕಿಟಕಿಯ ಕೆಳಗೆ ಇಟ್ಟಿಗೆ ತೆಗೆದು ತೆಗೆದು ಹಲಗೆಯನ್ನು ಎರಡಡಿಗೆ ಇಳಿಸಿದರು. ಚೀಲದಿಂದ ಕೋಲು ತೆಗೆದು ದೇವಿರಮ್ಮನ ಕೈಗಿಟ್ಟರು.

"ಇನ್ನೊಂದ್ಸಲ ತಿರುವಿ ನೋಡಣ."

ದೇವಿರಮ್ಮ ಕೋಲು ಊರಿ ಒತ್ತಿದರು. ಈ ಸಲ ಭುಜದ ಬಲ ಪೂರ್ತಿ ಇಳಿಯಿತು, ಹಲಗೆ ಕಿರ್ರೆಂದಿತು. ಖಾಲಿ ಪಾತ್ರೆಯಲ್ಲಿ ಸುತ್ತಿನ ಮೇಲೆ ಸುತ್ತು ತಿರುವುತ್ತಲೇ ಇದ್ದರು. ದಿವ್ಯ ಅವರ ಬೆನ್ನ ಹಿಂದೆ ಎರಡು ಸಲ ಓಡಾಡಿದಳು. ಯಾರೂ ಯಾರಿಗೂ ತಾಕಲಿಲ್ಲ.

"ಒಂದ್ ಕಡೆ ಎತ್ತರ, ಒಂದ್ ಕಡೆ ತಗ್ಗು" ಶಿವಪ್ರಕಾಶ್ ಗೊಣಗಿದ. "ನೋಡ್ದೋರು ಮೇಸ್ತ್ರಿ ಅಳತೆ ತಪ್ಪವ್ಳೆ ಅಂತಾರೆ ಮೇರಮ್ಮ."

"ಅನ್ಲಿ ಸಾರ್. ಕೇಳ್ದೋರಿಗೆ ನೀವೂ ಹಂಗೇ ಹೇಳಿ, ಮೇಸ್ತ್ರಿ ತಪ್ಪು ಅಂತ."

ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುವ ಹೆಸರಿನಿಂದಲೇ ಕೆಲಸ ಸಿಗುವ ಹೆಂಗಸು ಆಡುವ ಮಾತಲ್ಲ ಅದು. ಶಿವಪ್ರಕಾಶ್ ಅವರನ್ನು ನೋಡಿದ, ಇನ್ನೂ ತಿರುವುತ್ತಲೇ ಇದ್ದ ತಾಯಿಯನ್ನು ನೋಡಿದ. ಫೋನನ್ನು ಜೇಬಿಗೆ ಹಾಕಿಕೊಂಡ.

"ಆಯ್ತು ಬುಡಿ. ಕಲ್ಲಿನೋರಿಗೆ ಹೊಸ ಅಳತೆ ಹೇಳಿ."

ಕಟ್ಟಿಕೊಟ್ಟ ಅಡುಗೆಮನೆಯನ್ನು ಒಂದು ತಿಂಗಳಿಗೆ ಹೋಗಿ ನೋಡುವುದು ಸಿದ್ಧಾರ್ಥನಗರದ ಆ ತಪ್ಪಿನ ನಂತರ ಮೇರಮ್ಮ ಹಾಕಿಕೊಂಡ ಇನ್ನೊಂದು ಕಟ್ಟಳೆ. ಅವರು ಹೋದ ದಿನ ದೇವಿರಮ್ಮನ ತಂಗಿ ಮಂಗಳಮ್ಮ ಊರಿಂದ ಬಂದಿದ್ದರು. ಮನೆಯೆಲ್ಲ ಸುತ್ತಿ ಮೆಚ್ಚಿ, ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು.

"ಇದೇನಕ್ಕ, ಕಿಟಕಿ ತಾವ ತಗ್ಗಾಗ್ಬುಟ್ಟದೆ? ಯಾವ ಮೇಸ್ತ್ರಿ ಹಿಂಗ್ ಕೆಡಿಸ್ದೋನು?"

ಶಿವಪ್ರಕಾಶ್ ಕೆಮ್ಮಿದ. ಮೇರಮ್ಮ ನಗುತ್ತ, "ನಾನೇ ಕಣಮ್ಮ. ಅಳತೆ ಒಸಿ..." ಎನ್ನುತ್ತಿದ್ದಂತೆ, ತಗ್ಗು ಕಟ್ಟೆಯಿಂದ ದೇವಿರಮ್ಮನ ದನಿ ಬಂತು.

"ಅಳತೆ ನಂದು. ನಾನೇ ನಿಂತು ಕಟ್ಟಿಸ್ಕಂಡೆ."

ಕೋಲು ಬದಿಗಿಟ್ಟು, ನೀರಲ್ಲಿ ಕೈ ಅದ್ದಿ, ಬಿಸಿ ಹಿಟ್ಟನ್ನು ಉಂಡೆ ಕಟ್ಟತೊಡಗಿದರು. "ನಿಂತ್ಕಂಡ್ ಏನ್ ನೋಡ್ತೀಯೆ ಮಂಗಳ, ತಟ್ಟೆ ಹಾಕು, ಆರೋಯ್ತದೆ. ನೀನೂ ಕೂತ್ಕ ಬಾ ಮೇರಮ್ಮ."

ಮೇರಮ್ಮ ಕೈತೊಳೆದು ಕೂತರು. ತಟ್ಟೆಯ ಮುಂದೆ ಶಿಲುಬೆಯ ಗುರುತು ಹಾಕಿಕೊಂಡು ಮುದ್ದೆ ಮುರಿದರು. ಒಂದೂ ಗಂಟಿರಲಿಲ್ಲ.