ಇದ್ವಲ್ ಅಜ್ಜ ಕನ್ನಡ ಕಲಿತದ್ದು

ಇದ್ವಲ್ ಅಜ್ಜ ಯಾರನ್ನೇ ಕಂಡರೂ ಮೊದಲು ವೆಲ್ಶ್ ಭಾಷೆಯಲ್ಲೇ ಮಾತಾಡುತ್ತಿದ್ದರು. ಟ್ಯಾಕ್ಸಿಯ ಪಠಾಣನಿರಲಿ, ಔಷಧದ ಅಂಗಡಿಯ ಈಜಿಪ್ಟಿನ ಹೆಂಗಸಿರಲಿ, ದುಬೈಯ ಮಿರ್ದಿಫಿನ ಮೂಲೆಯಲ್ಲಿ ಗ್ರೋಸರಿ ನಡೆಸುತ್ತಿದ್ದ ಹಮೀದ್ ಕಾಕಾ ಇರಲಿ, ಎದುರಿನವರಿಗೆ ಒಂದಕ್ಷರವೂ ತಿಳಿಯದೆಂದು ಗೊತ್ತಿದ್ದೂ ಹ್ಯಾಟು ತೆಗೆದು, ಎರಡು ವಾಕ್ಯ ತಮ್ಮ ಭಾಷೆಯಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಮೊಸರು ಕೇಳುತ್ತಿದ್ದರು. ಕಾಸರಗೋಡಿನ ಕಾಕಾ ಅಷ್ಟೇ ಮರ್ಯಾದೆಯಿಂದ ಮಲಯಾಳದಲ್ಲಿ ಉತ್ತರಿಸುತ್ತಿದ್ದರು.

"ಅವರು ಎಂತ ಹೇಳುದು ಅಂತ ನಂಗೆ ಗೊತ್ತಿಲ್ಲ, ನಾನು ಎಂತ ಹೇಳುದು ಅಂತ ಅವರಿಗೆ ಗೊತ್ತಿಲ್ಲ," ಎಂದು ಕಾಕಾ ಒಮ್ಮೆ ನನಗೆ ಹೇಳಿದರು. "ಎರಡು ವರ್ಷದಲ್ಲಿ ಒಂದು ಜಗಳ ಇಲ್ಲ ಮಾರಾಯ್ರೇ. ನಿಮ್ಮ ಸಂಘದವರು ಎಲ್ಲ ಕನ್ನಡದಲ್ಲೇ ಅಲ್ವಾ ಜಗಳ ಮಾಡುದು?"

ವೇಲ್ಸ್ ಎಂಬ ಸಣ್ಣ ನಾಡು ಇಂಗ್ಲೆಂಡಿನ ಪಕ್ಕದಲ್ಲಿದೆ ಎಂದಷ್ಟೇ ನನಗೆ ಗೊತ್ತಿತ್ತು. ಅದಕ್ಕೆ ಇಂಗ್ಲಿಷಿಗಿಂತ ಹಳೆಯದಾದ ತನ್ನದೇ ಭಾಷೆ ಇದೆ ಎಂಬುದು ಇತಿಹಾಸದಲ್ಲಿ ಎಂ.ಎ. ಮಾಡಿದ ಈ ಪಂಡಿತನಿಗೆ ತಿಳಿದದ್ದು ಇದ್ವಲ್ ಅಜ್ಜನಿಂದ. ಅವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೆಲ್ಶ್ ಪ್ರಾಧ್ಯಾಪಕರಾಗಿದ್ದವರು, ಹಳ್ಳಿಹಳ್ಳಿಯ ಮಾತು ಕೂಡಿಹಾಕಿ ನಿಘಂಟು ಕಟ್ಟಿದವರು. ತಮ್ಮ ನಾಡಿಗೆ ಸ್ವಂತ ಆಡಳಿತ ಬೇಕೆಂದು ಐದು ಸಲ ಚುನಾವಣೆಗೆ ನಿಂತು ನಾಲ್ಕು ಸಲ ಸೋತವರು. ಹೆಂಡತಿ ತೀರಿಕೊಂಡ ಮೇಲೆ ದುಬೈಯಲ್ಲಿ ವೈದ್ಯೆಯಾಗಿದ್ದ ಮಗಳ ಮನೆಗೆ ಬಂದಿದ್ದರು.

ನಮ್ಮ ಭೇಟಿ ಆದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ನನ್ನ ಹೆಂಡತಿ ಶಶಿ ಹದಿಮೂರು ಎನ್ನುತ್ತಾಳೆ, ಇಂಥ ವಿಷಯದಲ್ಲಿ ಅವಳೇ ಸರಿಯಿರುವುದು ಹೆಚ್ಚು. ಆಗಿನ್ನೂ ಶುಕ್ರವಾರ ವಾರದ ರಜೆ. ನಾವಿದ್ದ ಅಲ್ ಮುರಕ್ಕಬಾತ್‌ನಿಂದ ಮಗಳು ಅನ್ವಿಯನ್ನು ಕಾರಿಗೆ ಹಾಕಿಕೊಂಡು ಮಿರ್ದಿಫಿನ ಡಾಕ್ಟರ್ ಪಾಟೀಲರ ವಿಲ್ಲಾಕ್ಕೆ ಹೋಗುತ್ತಿದ್ದೆವು. ಅವರ ಹಾಲ್‌ನಲ್ಲಿ ಶಶಿ ಹತ್ತು ಹನ್ನೆರಡು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಒಂದು ಶುಕ್ರವಾರ ಮಕ್ಕಳು ಕಾಗುಣಿತ ಕೂಗುತ್ತಿದ್ದಾಗ ಪಕ್ಕದ ವಿಲ್ಲಾದ ಬಿಳಿ ಮುದುಕರು ಗೇಟಿನಲ್ಲಿ ನಿಂತು, ಎಂದಿನಂತೆ ವೆಲ್ಶ್‌ನಲ್ಲಿ ಏನೋ ಹೇಳಿ, ಆಮೇಲೆ ಇದು ಯಾವ ಭಾಷೆ ಎಂದು ಕೇಳಿದರು.

"ಕನ್ನಡ," ಎಂದೆ ಹೆಮ್ಮೆಯಿಂದ.

"ನಿಮ್ಮ ಮನೆಮಾತೇ?"

"ಮನೆಮಾತು ತುಳು."

ಅಷ್ಟರಲ್ಲಿ ಅನ್ವಿ ಓಡಿ ಬಂದು, "ಪಪ್ಪಾ, ಐ ಆ್ಯಮ್ ಡನ್, ಕ್ಯಾನ್ ವಿ ಗೋ?" ಎಂದಳು. "ಫೈವ್ ಮಿನಿಟ್ಸ್, ಬೇಬಿ," ಎಂದೆ ನಾನು. ಮುದುಕರು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು.

"ನಿಮ್ಮ ಹತ್ತಿರ ಎರಡು ಭಾಷೆ ಇವೆ. ಆದರೂ ಮಗಳಿಗೆ ನಮ್ಮ ನಾಡಿನ ಪಕ್ಕದ ಮನೆಯವರದನ್ನು ಕೊಟ್ಟಿದ್ದೀರಲ್ಲ," ಎಂದರು.

ಸಿಟ್ಟು ಬಂತು. ಒಂದು ಭಾಷೆ ಸತ್ತರೆ ಜನ ಇನ್ನೊಂದರಲ್ಲಿ ಬದುಕುತ್ತಾರೆ, ಇತಿಹಾಸದ ತುಂಬ ಇದೇ ಇದೆ ಎಂದು ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹೌದು, ಬದುಕುತ್ತಾರೆ. ಮುಂದಿನ ಶುಕ್ರವಾರ ಎಷ್ಟು ಗಂಟೆಗೆ ಪಾಠ?" ಎಂದರು.

ಹಾಗೆ ಅವರು ಪ್ರತಿ ವಾರ ಬಂದು ಹಿಂದಿನ ಕುರ್ಚಿಯಲ್ಲಿ ಕೂರತೊಡಗಿದರು. ಗೆದ್ದ ಆ ಒಂದು ಚುನಾವಣೆಯ ಕಥೆ ಅಲ್ಲೇ ಕೇಳಿದ್ದು. ಜಿಲ್ಲಾ ಸಭೆಗೆ ಆಯ್ಕೆಯಾಗಿ ಹೋದವರು ಮೊದಲ ದಿನವೇ ವೆಲ್ಶ್‌ನಲ್ಲಿ ಮಾತಾಡಿದರು. ಅನುವಾದಕರಿರಲಿಲ್ಲ. ಅಧ್ಯಕ್ಷರು ಇಂಗ್ಲಿಷಿನಲ್ಲಿ ಹೇಳಿ ಎಂದರು, ಇವರು ಒಪ್ಪಲಿಲ್ಲ. ಅಂದಿನಿಂದ ಇವರು ಎದ್ದು ನಿಂತರೆ ಉಳಿದವರು ಚಹಾಕ್ಕೆ ಹೊರಡುತ್ತಿದ್ದರು. ಇವರು ಖಾಲಿ ಕುರ್ಚಿಗಳಿಗೆ ತಮ್ಮ ಪಾಲಿನ ಹತ್ತು ನಿಮಿಷವೂ ಮಾತಾಡುತ್ತಿದ್ದರು. ಗುಮಾಸ್ತನಿಗೆ ಏನು ಬರೆಯಬೇಕೆಂದು ತಿಳಿಯದೆ, ನಡಾವಳಿಯಲ್ಲಿ ಪ್ರತಿ ಸಲವೂ 'ಸದಸ್ಯರು ಮಾತಾಡಿದರು' ಎಂದಷ್ಟೇ ಬರೆದನಂತೆ.

"ನಿಜವಾಗಿಯೂ?" ಎಂದೆ.

"ನೀವು ಇತಿಹಾಸದವರು. ಹೋಗಿ ನೋಡಿ."

ಇಷ್ಟು ಹಟದ ಮನುಷ್ಯನಿಗೆ ಮನೆಯೊಳಗೇ ಬಗ್ಗದ ಒಬ್ಬಳಿದ್ದಳು. ಆರು ವರ್ಷದ ಮೊಮ್ಮಗಳು ಎಲಿನ್. ಅಜ್ಜ ವೆಲ್ಶ್‌ನಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜ ಎನ್ನುವುದಕ್ಕೆ ಅವರಲ್ಲಿರುವ 'ತೈದ್' ಎಂಬ ಒಂದು ಪದವನ್ನಷ್ಟೇ ಅವಳು ಬಳಸುತ್ತಿದ್ದದ್ದು. ಜೂನ್‌ಗೆ ಮಗಳ ಕೆಲಸದ ಒಪ್ಪಂದ ಮುಗಿಯುತ್ತಿತ್ತು. ಅವರೆಲ್ಲ ಕೆನಡಾಕ್ಕೆ, ಇವರೊಬ್ಬರೇ ವೇಲ್ಸ್‌ಗೆ.

"ಜೂನ್ ಒಳಗೆ ಅವಳು ನನ್ನೊಡನೆ ನನ್ನ ಭಾಷೆಯಲ್ಲಿ ಮಾತಾಡಬೇಕು," ಎಂದರು. "ಇದು ನನ್ನ ಕೊನೆಯ ಚುನಾವಣೆ. ಮತದಾರಳು ಒಬ್ಬಳೇ."

ನವೆಂಬರಿನಲ್ಲಿ ಆ ಮತ ಬಹುತೇಕ ಬಿದ್ದೇಬಿಟ್ಟಿತ್ತು. ಅನ್ವಿಯೊಡನೆ ಆಡಲು ಬಂದಿದ್ದ ಎಲಿನ್ ಹಿತ್ತಲಿನಿಂದ ಉಸಿರು ಕಟ್ಟಿ ಓಡಿ ಬಂದು, ಅಜ್ಜನ ತೋಳು ಹಿಡಿದು, ಒಂದಿಡೀ ವಾಕ್ಯವನ್ನು ವೆಲ್ಶ್‌ನಲ್ಲಿ ಹೇಳಿದಳು. ಏಸಿಯ ಹಿಂದೆ ಬೆಕ್ಕು ಮರಿ ಹಾಕಿದೆ ಎಂದಳಂತೆ. ನಮಗೆ ಮಾತು ತಿಳಿಯಲಿಲ್ಲ, ಅವರ ಮುಖ ನೋಡಿ ಏನಾಯಿತೆಂದು ತಿಳಿಯಿತು. ಆದರೆ ಮರುಗಳಿಗೆ ಅವರ ತೋರುಬೆರಳು ಮೇಲೆದ್ದಿತು. ವಾಕ್ಯದಲ್ಲಿ ಏನೋ ತಪ್ಪಿತ್ತು, ಅವರು ತಿದ್ದಿದರು. ಎಲಿನ್ ಕೇಳಿಸಿಕೊಂಡಳು, ತೋಳು ಬಿಟ್ಟಳು, ಅದೇ ಸುದ್ದಿಯನ್ನು ಅನ್ವಿಗೆ ಇಂಗ್ಲಿಷಿನಲ್ಲಿ ಹೇಳಿ ಅವಳನ್ನು ಕರೆದುಕೊಂಡು ಹೋದಳು.

"ಎಂತ ಅಜ್ಜ," ಎಂದಳು ಶಶಿ ಕನ್ನಡದಲ್ಲೇ, "ಮಗು ಬೆಕ್ಕಿನ ಮರಿ ನೋಡ್ಲಿಕ್ಕೆ ಕರೆದ್ರೆ ಪಾಠ ಮಾಡುದಾ?"

ನಾನು ಅನುವಾದಿಸಲೇಬೇಕಾಯಿತು. ಅವರು ತಮ್ಮ ಬೆರಳನ್ನು ನೋಡಿಕೊಂಡರು. "ನಿಮ್ಮ ಹೆಂಡತಿ ನನ್ನ ಎದುರು ನಿಂತಿದ್ದರೆ ನಾನು ಐದೂ ಸಲ ಸೋಲುತ್ತಿದ್ದೆ," ಎಂದರು.

ಆಮೇಲೆ ಎಲಿನ್ ವೆಲ್ಶ್‌ಗೆ ಪೂರ್ತಿ ಬಾಯಿ ಮುಚ್ಚಿದಳು. ಇನ್ನು ಮುಗಿಯಿತು ಎಂದೇ ನಾನು ಅಂದುಕೊಂಡೆ. ಜನವರಿಯಲ್ಲಿ ಅವರು ಮಕ್ಕಳ ಕಾಪಿ ಪುಸ್ತಕ, ಪೆನ್ಸಿಲು, ರಬ್ಬರು ಹಿಡಿದು ಬಂದು ಶಶಿಯ ಮುಂದೆ ನಿಂತರು.

"ನನ್ನನ್ನೂ ಸೇರಿಸಿಕೊಳ್ಳಿ. ನಾನು ತಪ್ಪು ಮಾಡುವಂಥ ಒಂದು ಜಾಗ ಬೇಕು."

"ಕುರ್ಚಿ ಕೊಡಸ್ತೀನ್ರೀ, ನೆಲದ ಮ್ಯಾಲೆ ಹ್ಯಾಂಗ್ ಕೂಡ್ತಾರ ಇವ್ರು?" ಎಂದು ಪಾಟೀಲರು ಒದ್ದಾಡಿದರು. ಎಪ್ಪತ್ತೆಂಟರ ಇದ್ವಲ್ ಅಜ್ಜ ಅಷ್ಟರಲ್ಲಿ ಕಾಲು ಚಾಚಿ ಗೋಡೆಗೊರಗಿ ನೆಲದಲ್ಲಿ ಕೂತಾಗಿತ್ತು. ಪಕ್ಕದಲ್ಲಿ ಎಲಿನ್. ಅವಳು ಅಕ್ಷರಗಳನ್ನು ಅನ್ವಿಯಿಂದ ಚಕಚಕ ಹಿಡಿದುಬಿಟ್ಟಳು. ಅಜ್ಜನ 'ಅ' ಮಾತ್ರ ಮಗುಚಿದ ಕುರ್ಚಿಯಂತೆ ಬೀಳುತ್ತಿತ್ತು. ಎಲಿನ್ ನಗುತ್ತಾ ಇಂಗ್ಲಿಷಿನಲ್ಲಿ ತಿದ್ದುವಳು. ಅವರು ಅರ್ಥವಾಗದವರಂತೆ ಕಿವಿಗೆ ಕೈಯಿಟ್ಟು, ವೆಲ್ಶ್‌ನಲ್ಲಿ ಮತ್ತೆ ಕೇಳುವರು. ಹೀಗೆ ಫೆಬ್ರವರಿ, ಮಾರ್ಚ್, ಏಪ್ರಿಲ್. ನನಗೆ ನೋಡಿಯೇ ಸುಸ್ತಾಯಿತು. ಅವರಿಗೆ ಆಗಲಿಲ್ಲ.

ಮೇ ತಿಂಗಳ ಒಂದು ಶುಕ್ರವಾರ ಅವರು 'ಅಮ್ಮ' ಬರೆಯಲು ಹೋಗಿ ನಾಲ್ಕನೆಯ ಸಲವೂ 'ಅಮ' ಎಂದು ಬರೆದರು. ಎಲಿನ್‌ಗೆ ತಾಳ್ಮೆ ಕೆಟ್ಟಿತು. ಪೆನ್ಸಿಲು ಕಿತ್ತುಕೊಂಡು, ಅಕ್ಷರದ ಕೆಳಗೆ ಕುಟ್ಟಿ ತೋರಿಸುತ್ತ, ವೆಲ್ಶ್‌ನಲ್ಲಿ ಬೈಯಲು ಶುರುಮಾಡಿದಳು. ಒಂದು ವಾಕ್ಯ, ಎರಡು ವಾಕ್ಯ, ನಿಲ್ಲಲೇ ಇಲ್ಲ. ಉಳಿದ ಮಕ್ಕಳು ಬರೆಯುವುದು ಬಿಟ್ಟು ತಿರುಗಿ ನೋಡಿದರು. ಇದ್ವಲ್ ಅಜ್ಜನ ಬೆರಳು ಅಲುಗಿತು. ಅವರು ಆ ಬಲಗೈಯನ್ನು ತೊಡೆಯ ಕೆಳಗಿಟ್ಟು, ಅದರ ಮೇಲೆ ಭಾರ ಹಾಕಿ ಕೂತು, ತಲೆ ತಗ್ಗಿಸಿ ಬೈಗುಳವನ್ನೆಲ್ಲ ಕೇಳಿದರು.

"ಏನಂತೆ?" ಎಂದು ಆಮೇಲೆ ಕೇಳಿದೆ.

"ಅಕ್ಷರವನ್ನು ಶೂ ಹಾಕದೆ ಹೊರಗೆ ಕಳಿಸಿದ್ದೇನಂತೆ. ಒತ್ತಕ್ಷರಕ್ಕೆ ನಮ್ಮಲ್ಲಿ ಪದವಿಲ್ಲ, ಅವಳು ಶೂ ಎಂದಳು."

"ತಪ್ಪಿಲ್ಲದೆ ಮಾತಾಡಿದಳೇ?"

"ಒಂಬತ್ತು ತಪ್ಪು," ಎಂದರು. ಅವರ ಕಣ್ಣು ತುಂಬಿತ್ತು. ಅಥವಾ ಹಾಗೆಂದು ನಾನು ಈಗ ಸೇರಿಸುತ್ತಿದ್ದೇನೆ.

ಅಂದು ಮನೆಗೆ ಹೋಗುವಾಗ ಕಾರಿನಲ್ಲಿ ನಾನು ಅನ್ವಿಯೊಡನೆ ತುಳು ಮಾತಾಡಿದೆ. "ಪಪ್ಪಾ, ಸ್ಟಾಪ್ ಇಟ್," ಎಂದಳು. ನಿಲ್ಲಿಸಲಿಲ್ಲ. ಈಗಲೂ ನಿಲ್ಲಿಸಿಲ್ಲ.

ಜೂನ್‌ನಲ್ಲಿ ಅವರು ಹೊರಟ ದಿನ ನಾನು ಮಿರ್ದಿಫಿಗೆ ಹೋಗಿದ್ದೆ. ಕಾರಿನ ಬಾಗಿಲು ಮುಟ್ಟಲಾರದಷ್ಟು ಬಿಸಿಲು. ಅವರು ನನ್ನ ಕೈ ಹಿಡಿದು ವೆಲ್ಶ್‌ನಲ್ಲಿ ಎರಡು ವಾಕ್ಯ ಹೇಳಿದರು. ಈ ಸಲ ಇಂಗ್ಲಿಷಿನಲ್ಲಿ ಏನನ್ನೂ ಸೇರಿಸಲಿಲ್ಲ. ಎಲಿನ್ ಒಳಗಿನಿಂದ ಅವರನ್ನು ಕೂಗಿ ಕರೆದಳು. ಯಾವ ಭಾಷೆಯಲ್ಲಿ ಎಂದು ಪ್ರಮಾಣ ಮಾಡಿ ಹೇಳಲಾರೆ. ವೆಲ್ಶ್ ಎಂದು ನನ್ನ ನೆನಪು. ಆದರೆ ಹಾಗೆಯೇ ಆಗಿರಲಿ ಎಂದು ಬಯಸಿದವನ ನೆನಪನ್ನು ಎಷ್ಟು ನಂಬುವುದು?

ಅವರು ತೀರಿಕೊಂಡದ್ದು ಮರುವರ್ಷದ ಚಳಿಗಾಲದಲ್ಲಿ, ತಮ್ಮ ಊರಿನಲ್ಲಿ. ಸುದ್ದಿ ತಿಳಿಸಿದ ಮಗಳಿಗೆ ಉತ್ತರ ಬರೆಯುವಾಗ, ಆ ಶೂ ಸಂಗತಿ ನಿಜವಾಗಿ ನಡೆದದ್ದೇ, ನಾನು ಕಟ್ಟಿಕೊಂಡದ್ದೇ ಎಂದು ಕೇಳಿದೆ. ಕೆಲವು ವಾರಗಳ ಮೇಲೆ ಆಕೆ ಒಂದು ಚೀಟಿಯ ಫೋಟೊ ಕಳಿಸಿದರು. ಊರಿನಲ್ಲಿ ಅವರ ಮೇಜಿನ ಮೇಲೆ ಸಿಕ್ಕಿತಂತೆ. ನಿಘಂಟಿನ ಕೆಲಸದಲ್ಲಿ ಹಳ್ಳಿಯ ಪ್ರತಿ ಪದಕ್ಕೂ ಅವರು ಇಂಥ ಒಂದು ಚೀಟಿ ಬರೆದಿಡುತ್ತಿದ್ದರಂತೆ. ಕೆಳಗೆ ಆಕೆ ಅರ್ಥ ಬಿಡಿಸಿದ್ದರು.

ಪದ: ಎಸ್ಗಿದ್, ಶೂ. ಅರ್ಥ: ಕನ್ನಡ ಲಿಪಿಯಲ್ಲಿ ಅಕ್ಷರದ ಕೆಳಗೆ ಬರೆಯುವ ಸಣ್ಣ ಅಕ್ಷರ. ಸ್ಥಳ: ಮಿರ್ದಿಫ್. ಹೇಳಿದವರು: ಎಲಿನ್, ಏಳು ವರ್ಷ. ಷರಾ: ಸರಿಯಾಗಿದೆ.