ಹತ್ತು ಮಾರು ದೂರ ನಿಂತ ತಂದೆ

ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷ. ಗೂಡಿನಲ್ಲಿದ್ದ ಗಡಿಯಾರವನ್ನು ಆಗಷ್ಟೇ ನೋಡಿದ್ದೆ. ನನ್ನ ಕೋಣೆಯ ಗೆಳೆಯನ ತಂದೆ ತಮ್ಮ ಹಳ್ಳಿ ತಡವಳದಿಂದ ಬಂದವರು, ಸೊಲ್ಲಾಪುರದಲ್ಲಿ ನಾವು ಬಾಡಿಗೆಗಿದ್ದ ವಾಡೆಯ ಬಾಗಿಲಿಗೆ ಹತ್ತು ಮಾರು ದೂರದಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬಿಸಿಲಲ್ಲಿ ನಿಂತು ಮಗನನ್ನು ಕೂಗಿದರು.

ಅವರ ಕೇರಿಯವರು ಮೇಲಿನ ಜಾತಿಯವರ ಮನೆ ಮುಂದೆ ಹಾಗೆಯೇ ನಿಲ್ಲಬೇಕಿತ್ತು. ರೂಢಿ ಕಾಲಿಗೆ ಅಂಟಿತ್ತು.

ಗೆಳೆಯನಿಗೆ ವಿಲಾಯತಿಯಲ್ಲಿ ನೇಯ್ಗೆ ಯಂತ್ರಗಳ ಓದಿಗೆ ಸೀಟು ಸಿಕ್ಕಿತ್ತು. ಹಿಂದಿನ ದಿನ ಅವನು ವಾಡೆಗೆಲ್ಲ ಪೇಢೆ ಹಂಚಿದ್ದ. ಮಾಲಕರ ತಾಯಿ ಒಂದನ್ನು ದೇವರ ಮುಂದೆ ಇಟ್ಟಿದ್ದರು. ಎರಡು ವರ್ಷದ ಹಿಂದೆ ಕೋಣೆ ಹಿಡಿಯುವಾಗ, "ಇಂವ ನಮ್ಮ ಸೋದರಮಾವನ ಮಗಾರಿ, ನಮ್ಮಂಗ ಕುರಿಯವರು, ಬೀರೋಬನ ಒಕ್ಕಲು" ಎಂದು ಮಾಲಕನಿಗೆ ಸುಳ್ಳು ಹೇಳಿದವನು ನಾನೇ.

ಮಾಲಕ ಮಾಳಿಗೆಯಿಂದ ಬಗ್ಗಿ ನೋಡಿದ. "ಯಾಕ ಬಿಸಿಲಾಗ ನಿಂತೀರಿ ಯಜಮಾನ್ರ? ಒಳಗ ಬರ್ರಲಾ."

"ಬ್ಯಾಡ್ರಿ ಮಾಲಕರ. ನಿಮ್ಮ ಹೊಸಲಾ ಯಾಕ ಕೆಡಸೂದ್ರಿ? ಇಲ್ಲೇ ಚೊಲೊ ಅದೀನಿ."

ನಗುತ್ತಲೇ ಹೇಳಿದರು. ಮಾಲಕನಿಗೆ ಜಾತಿ ತಿಳಿಯಲು ಅಷ್ಟು ಸಾಕಾಯಿತು; ಮಾಳಿಗೆ ಇಳಿದು ವಾಡೆಯವರನ್ನು ಕರೆದ.

ಹತ್ತು ನಿಮಿಷದಲ್ಲಿ ಏಳೆಂಟು ಜನ ಅಂಗಳದಲ್ಲಿದ್ದರು. ಎಲ್ಲ ಗೊತ್ತಿದ್ದ ಮುಖಗಳೇ. ನಿನ್ನೆ ಎರಡು ಪೇಢೆ ತಿಂದು ಮೂರನೆಯದಕ್ಕೆ ಕೈಚಾಚಿದವನೇ ಎಲ್ಲರಿಗಿಂತ ಮುಂದಾಗಿ, "ಅವನ ಕಾಗದಾ ಹರೀರಿ" ಎನ್ನುತ್ತ ಕೋಣೆಯ ಕಡೆ ಬಂದ. ಹುಡುಗರು ಓದುತ್ತಾರೋ ಮಲಗುತ್ತಾರೋ ನೋಡಲೆಂದು ಮಾಲಕ ನಮ್ಮ ಕೋಣೆಗೆ ಒಳಚಿಲಕ ಹಾಕಿಸಿರಲಿಲ್ಲ. ಪ್ರಯಾಣಕ್ಕೆಂದು ತಂದಿದ್ದ ಹೊಸ ಟ್ರಂಕನ್ನು ಬಾಗಿಲಿಗೆ ನೂಕಿ ಗೆಳೆಯನೂ ನಾನೂ ಅದಕ್ಕೆ ಬೆನ್ನು ಕೊಟ್ಟು ಕೂತೆವು. ಪಾಸ್‌ಪೋರ್ಟು, ಹಡಗಿನ ಟಿಕೀಟು, ಕಾಲೇಜಿನ ಪತ್ರ ಎಲ್ಲ ಅದರೊಳಗಿದ್ದವು. ಅವು ಹರಿದರೆ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಹೊರಗೆ ತಂದೆಯ ದನಿ: "ಹೊಡಿಯೂದಿದ್ರ ನನ್ನ ಹೊಡೀರಿ ಎಪ್ಪಾ. ಅವನ ಕಾಗದಾ ಮುಟ್ಟಬ್ಯಾಡ್ರಿ."

ಹೊಡೆದರು. ತಂದೆ ಮರ್ಯಾದೆಗೆಂದು ಕಳಚಿ ಹಿಡಿದಿದ್ದ ಚಪ್ಪಲಿಯಿಂದಲೇ ಹೊಡೆದರು.

ಆಮೇಲೆ ಬಾಗಿಲ ಸಂದಿಯಿಂದ ಮಾಲಕ ನನ್ನನ್ನು ನನ್ನ ಊರಿನ ಹೆಸರು ಹಿಡಿದು ಕರೆದ. "ಏ ಹನ್ನೂರ ಹುಡುಗಾ, ನೀ ನಮ್ಮಾಂವ. ಹೊರಗ ಬಾ. ನಿನಗೇನೂ ಮಾಡೂದಿಲ್ಲ."

ನಾನು ಬೆನ್ನು ತೆಗೆದೆ. ಇಂದಿಗೂ ನನಗೆ ಮತ್ತೆ ಮತ್ತೆ ಕಾಣುವುದು ಅದೇ. ಟ್ರಂಕು ಒಂದು ಗೇಣು ಸರಿಯಿತು, ಸಂದಿಯಿಂದ ಒಂದು ಕೈ ಒಳಬಂತು.

ಗೆಳೆಯ ನನ್ನ ಕಡೆ ನೋಡದೆ ಹೇಳಿದ: "ಹೋಗೂದಿದ್ರ ಹೋಗಪಾ. ನಾ ಹಿಡೀತೀನಿ."

ಮತ್ತೆ ಕೂತೆ. ಧೈರ್ಯ ಬಂದು ಅಲ್ಲ, ನಾಚಿಕೆಯಾಗಿ.

ಮೂರೂವರೆಗೆ ಗಿರಣಿಯ ಭೋಂಗಾ ಕೂಗಿತು. ಪಾಳಿ ಬಿಟ್ಟ ಕೆಲಸಗಾರರು ಓಣಿ ತುಂಬ ಬಂದರು. ಅವರಲ್ಲಿ ತಡವಳದವರೂ ಇದ್ದರು. ನೂರು ಜನರನ್ನು ಕಂಡ ಆ ಎಂಟು ಶೂರರು ಒಬ್ಬೊಬ್ಬರಾಗಿ ಜಾರಿದರು. ಕೆಲಸಗಾರರು ತಂದೆಯನ್ನು ಎತ್ತಿಕೊಂಡು ಹೋದರು. ಗೆಳೆಯ ಟ್ರಂಕು ಹೊತ್ತು ಹಿಂದೆ ನಡೆದ. ಮಾಲಕರ ತಾಯಿ ದೇವರ ಪೇಢೆಯನ್ನು ತಿಪ್ಪೆಗೆ ಎಸೆದು ಅಂಗಳ ಸಾರಿಸಿದರು. ಕಲ್ಲಿನ ಮೇಲೆ ಬಿದ್ದ ರಕ್ತಕ್ಕೆ ಮೈಲಿಗೆಯ ಹೆಸರು. ಸಂಜೆ ಮಾಲಕ ನನಗೆ, "ನೀ ಇರಪಾ, ನಿಂದೇನೂ ತಪ್ಪಿಲ್ಲ" ಎಂದ. ಅಷ್ಟು ಹೇಸಿಗೆಯ ಮಾತನ್ನು ನಾನು ಬೇರೆ ಕೇಳಿಲ್ಲ.

ಗೆಳೆಯ ವಿಲಾಯತಿಗೆ ಹೋದ. ನಾನು ಅಕ್ಕಲಕೋಟದಲ್ಲಿ ಸಾಲಿ ಮಾಸ್ತರನಾದೆ. ರಾತ್ರಿ ಗಾಳಿಗೆ ಬಾಗಿಲು ಅಲುಗಿದರೂ ಎದ್ದು ಕೂರುತ್ತಿದ್ದೆ.

ಐದು ತಿಂಗಳಿಗೆ ಗೆಳೆಯನ ಪತ್ರ ಬಂತು. ಅಲ್ಲಿಯೂ ಮೂರು ಮನೆಯವರು ಮುಖ ನೋಡಿದೊಡನೆ ಕೋಣೆ ಇಲ್ಲವೆಂದಿದ್ದರು. ನಾಲ್ಕನೆಯ ಮನೆಯಲ್ಲಿ ಸಿಕ್ಕಿತ್ತು. "ಇದಕ್ಕೆ ಒಳಚಿಲಕ ಇದೆ. ನಿನ್ನೆ ರಾತ್ರಿ ಬೆಳಗಿನ ತನಕ ಮಲಗಿದೆ" ಎಂದು ಬರೆದಿದ್ದ. ಒಂದು ಚಿಲಕಕ್ಕಾಗಿ ಅವನು ಸಮುದ್ರ ದಾಟಬೇಕಾಯಿತು.

ಅಂದೇ ತಡವಳಕ್ಕೆ ಹೋಗಿ ಅವನ ತಂದೆಗೆ ಓದಿ ಹೇಳಿದೆ. ಅವರ ಎಡಗಿವಿ ಆ ಮಧ್ಯಾಹ್ನದಿಂದ ಕೇಳುತ್ತಿರಲಿಲ್ಲ; ಬಲಗಡೆ ಕೂತು ಎರಡು ಸಲ ಓದಿದೆ.

"ಹೊರಗ ಹಾಸಿಗಿ ಹಾಕ್ಲೇನ್ರಿ ಮಾಸ್ತರ್ರ?"

"ಒಳಗ ಹಾಸ್ರಿ ಕಾಕಾ."

ಆ ಗುಡಿಸಲಿಗೆ ಬಾಗಿಲೇ ಇರಲಿಲ್ಲ, ಗೋಣಿತಟ್ಟಿನ ಪರದೆ. ಅವರ ಪಕ್ಕದಲ್ಲಿ ಮಲಗಿದ ನಾನು ಎದ್ದಾಗ ಬಿಸಿಲು ಒಳಗೆ ಬಂದಿತ್ತು.