ಅಣ್ಣನ ತೋಟದಲ್ಲಿ ಒಂದೇ ಗುಂಡಿ

ಗಂಡಸಿ ಕಡೆಯ ನಮ್ಮ ತೆಂಗಿನ ತೋಟ ಪಾಲಾದಾಗ ರಸ್ತೆ ಬದಿಯ ಅರ್ಧ ಅಣ್ಣನಿಗೆ ಹೋಯಿತು, ಹಿಂದಿನ ಅರ್ಧ ನನಗೆ ಬಂತು. ಬೋರ್‌ವೆಲ್ ನನ್ನ ಪಾಲಿನಲ್ಲಿತ್ತು. ಅದಕ್ಕೆ ಕರೆಂಟು ಕೊಡುವ ಸ್ಟಾರ್ಟರಿನ ಪುಟ್ಟ ಕೋಣೆ ಮಾತ್ರ ರಸ್ತೆ ಬದಿಯಲ್ಲೇ ಉಳಿಯಿತು. ಎರಡರ ನಡುವೆ, ಅಪ್ಪ ಹೂಳಿಸಿದ್ದ ಕೇಬಲ್ಲು ಅಣ್ಣನ ಮರಗಳ ಪಕ್ಕದಲ್ಲೇ ನೆಲದೊಳಗೆ ಹಾದುಬರುತ್ತಿತ್ತು. ಪಾಲು ಮಾಡಿಸಲು ಕೂತ ಹಿರಿಯರು ಬದು, ಮರ, ಗಾಡಿ ದಾರಿ, ಕೊನೆಗೆ ಹುಣಸೆಮರದ ನೆರಳು ಯಾರ ಕಡೆ ಬೀಳುತ್ತದೆ ಎನ್ನುವುದನ್ನೂ ಮಾತಾಡಿದರು. ಕೇಬಲ್ಲಿನ ಮಾತು ಯಾರೂ ಎತ್ತಲಿಲ್ಲ. ಕಣ್ಣಿಗೆ ಕಾಣದ್ದನ್ನು ಯಾರು ಹಂಚುತ್ತಾರೆ? ನಾನಂತೂ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲಕ್ಕೂ ಚಿಂತೆ ಮಾಡಿದ್ದೆ. ಚಿಂತೆ ನನ್ನ ಹುಟ್ಟುಗುಣ. ಸರಿಯಾದ ವಿಷಯಕ್ಕೆ ಚಿಂತೆ ಮಾಡುವ ಯೋಗ ಮಾತ್ರ ಈವರೆಗೆ ಕೂಡಿಬಂದಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಮೋಟಾರು ಗುಂಯ್ ಎಂದು ನರಳಿ ನಿಂತುಬಿಟ್ಟಿತು. ನೋಡಿದರೆ ಕೇಬಲ್ಲಿನ ಮೂರು ಎಳೆಗಳಲ್ಲಿ ಒಂದು ಸತ್ತಿತ್ತು. ಮೋಟಾರು ಸರಿಯಿದೆ, ಸ್ಟಾರ್ಟರು ಸರಿಯಿದೆ. ನೆಲದೊಳಗೆ ಎಲ್ಲೋ ತಂತಿ ತುಂಡಾಗಿದೆ. ಇಂಥದ್ದಕ್ಕೆ ನಮ್ಮ ಕಡೆ ಗೊತ್ತಿರುವ ಮದ್ದು ಒಂದೇ, ಉದ್ದಕ್ಕೂ ಅಗೆದು ಹುಡುಕುವುದು.

ಅಣ್ಣ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಮಂಡಿಗೆ ಹೋದಾಗ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಮುಂದೆ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಅನ್ನುತ್ತದೆ. ಒಡೆಯದೆಯೇ ಒಳಗಿನದು ತಿಳಿಯುವ ವಿದ್ಯೆ ನಮ್ಮ ಮನೆತನದ್ದು. ನನಗೆ ಬರಲಿಲ್ಲ, ಅದಕ್ಕೇ ಓದಿಗೆ ಹಾಕಿದರು.

"ಅಣ್ಣ, ನಿನ್ನ ಪಾಲಲ್ಲಿ ಒಂದು ಕಾಲುವೆ ತೆಗೆಸ್ಬೇಕಾಗಿತ್ತು" ಎಂದು ವಿಷಯ ಹೇಳಿದೆ.

ಅವನು ಕೈಯಲ್ಲಿದ್ದ ಕಾಯಿಯನ್ನು ಕೇಳಿ ಮುಗಿಸಿ ಪಕ್ಕಕ್ಕಿಟ್ಟ. "ಬೇರು ಕಡಿದ್ರೆ ಹೀಚು ಉದುರ್ತವೆ ಕಣೋ. ಆಮೇಲೆ ಆ ಮರ ನನ್ ಮುಖ ನೋಡಲ್ಲ."

"ಮತ್ತೆ ನನ್ನ ಮರಗಳಿಗೆ ನೀರು?"

"ಬ್ಯಾಡ ಅಂದ್ನಾ? ಒಂದು ಗುಂಡಿ ಹೊಡ್ಕೊ. ಒಂದೇ. ಸಿಕ್ಕಿದ್ರೆ ಕಟ್ಕಂಡು ಹೋಗು. ಸಿಗ್ಲಿಲ್ಲ ಅಂದ್ರೆ ಇನ್ನೊಂದು ಸಲ ನನ್ ಪಾಲಲ್ಲಿ ಗುದ್ದಲಿ ಇಡಬ್ಯಾಡ."

"ಎಲ್ಲಿ ಮುರಿದಿದೆ ಅಂತ ಗೊತ್ತಾಗೋದು ಹೆಂಗೆ ಅಣ್ಣ?"

"ಬೇಲೂರಲ್ಲಿ ಹುಡುಗ್ರಿಗೆ ಏನ್ಲಾ ಹೇಳ್ಕೊಡ್ತೀಯ ಮತ್ತೆ? ನಮ್ ತಮ್ಮ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಅಂತ ಊರೆಲ್ಲ ಹೇಳ್ಕಂಡು ತಿರುಗ್ತೀನಿ."

ಸುತ್ತಲಿದ್ದ ವ್ಯಾಪಾರಿಗಳು ನಕ್ಕರು. ನಾನೂ ನಕ್ಕೆ. ನಾನು ಮೇಷ್ಟರಲ್ಲ, ಬೇಲೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವವನು. ಹುಡುಗರು ಸುಟ್ಟದ್ದನ್ನು ಸರಿಮಾಡುವುದು ನನ್ನ ಕೆಲಸ. ಅದನ್ನು ಅಲ್ಲಿ ತಿದ್ದಲು ಹೋಗಲಿಲ್ಲ.

ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಬರುವ ಬಸ್ಸಿನಲ್ಲಿ ದಿನವೂ ಅದೇ ಯೋಚನೆ. ಉಪಾಯ ಪುಸ್ತಕದಲ್ಲಿ ಇದ್ದೇ ಇದೆ. ಬಾವಿಯೊಳಗೆ ಕೂಗಿದರೆ ದನಿ ತಳಕ್ಕೆ ಬಡಿದು ವಾಪಸು ಬರುವ ಹಾಗೆ, ತಂತಿಯೊಳಗೆ ಒಂದು ಪಲ್ಸು, ಅಂದರೆ ಕರೆಂಟಿನ ಒಂದು ಏಟು, ಕಳಿಸಿದರೆ ಅದು ತುಂಡಾದ ಜಾಗಕ್ಕೆ ಬಡಿದು ಹಿಂದಿರುಗುತ್ತದೆ. ಹೋಗಿ ಬರಲು ಹಿಡಿದ ಹೊತ್ತು ಗೊತ್ತಾದರೆ ದೂರ ಗೊತ್ತಾಯಿತು. ಆದರೆ ಆ ಪಲ್ಸು ಥಟ್ಟನೆ ಏಳಬೇಕು, ಗೋಡೆಯ ಹಾಗೆ ನೆಟ್ಟಗೆ. ನಿಧಾನಕ್ಕೆ ಎದ್ದರೆ ಹೋದದ್ದು ಯಾವುದು, ಬಂದದ್ದು ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಅಳೆಯುವ ಯಂತ್ರ ಕೊಂಡು ತರುವ ಮಾತು ನನ್ನಂಥವನಿಗಲ್ಲ. ಅದಕ್ಕೇ ಪಲ್ಸು ಎಬ್ಬಿಸುವ ಪೆಟ್ಟಿಗೆಯನ್ನು ನಾನೇ ಕಟ್ಟಲು ಕೂತೆ. ಅದು ವಾಪಸು ಬರುವುದನ್ನು ನೋಡಲು ಪರದೆಯ ಮೇಲೆ ಗೆರೆ ಬರೆದು ತೋರಿಸುವ ಕಾಲೇಜಿನ ಪುಟ್ಟ ಸ್ಕೋಪನ್ನು ಕೇಳಿ ತಂದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಮಗುವನ್ನಾದರೂ ಅಷ್ಟು ಜೋಪಾನವಾಗಿ ಹಿಡಿದಿರಲಿಕ್ಕಿಲ್ಲ.

ಪೆಟ್ಟಿಗೆಯಲ್ಲಿ ಏನೂ ಇಲ್ಲ. ಒಂದು ಐಸಿ, ಅದರೊಳಗೆ ಆರು ಬಾಗಿಲು. ಒಂದು ಬಾಗಿಲು ತನ್ನಷ್ಟಕ್ಕೆ ತೆರೆದು ಮುಚ್ಚುತ್ತಿರುತ್ತದೆ, ಮಿಕ್ಕವು ಒಟ್ಟಿಗೆ ಸೇರಿ ಆ ಪಲ್ಸನ್ನು ತಂತಿಯೊಳಕ್ಕೆ ನೂಕುತ್ತವೆ. ಒಂದು ಕೆಪಾಸಿಟರು, ನಾಲ್ಕಾರು ರೆಸಿಸ್ಟರು, ಒಂದು ಬ್ಯಾಟರಿ. ಹುಡುಗರಿಗಾದರೆ ಒಂದು ಪೀರಿಯಡ್ಡಿನ ಕೆಲಸ. ನನಗೆ ವಾರಗಟ್ಟಲೆ ಹಿಡಿಯಿತು. ಮೊದಲ ಪಲ್ಸು ದಿಣ್ಣೆ ಹತ್ತುವ ಮುದುಕನ ಹಾಗೆ ಏದುತ್ತ ಎದ್ದಿತು. ತಂತಿಗಳನ್ನು ಗಿಡ್ಡ ಮಾಡಿದೆ. ಎದ್ದಿತು, ಆದರೆ ಎದ್ದ ಮೇಲೆ ಚಳಿಜ್ವರ ಬಂದವನಂತೆ ನಡುಗಿತು. ಕೆಪಾಸಿಟರನ್ನು ಐಸಿಯ ಕಾಲಿಗೇ ಒತ್ತಿ ಬೆಸೆದೆ. ನಡುಕ ನಿಂತಿತು. ಎಲ್ಲವನ್ನೂ ಕೂರಿಸಲು ಒಂದು ಹಿಡಿಯಷ್ಟು ದೊಡ್ಡ ತಗಡಿನ ಡಬ್ಬಿ ಬೇಕಿತ್ತು.

"ರೀ, ಏಲಕ್ಕಿ ಡಬ್ಬಿ ನೋಡಿದ್ರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಅದಕ್ಕೆ ತೂತು ಬಿದ್ದಿದೆ."

"ಯಾವಾಗ ಬಿತ್ತು?"

"ಈಗ ತಾನೆ."

ಅವಳು ಬಂದು ನೋಡಿ, ಏಲಕ್ಕಿಯನ್ನು ಯಾವುದರಲ್ಲಿ ಸುರಿದಿದ್ದೇನೆ ಎಂದಷ್ಟೇ ಕೇಳಿದಳು. ಹಳೇಬೀಡಿನವಳು, ಜಗಳಕ್ಕೆ ಆತುರವಿಲ್ಲ. "ಇಷ್ಟೆಲ್ಲ ಮಾಡೋ ಬದಲು ಭಾವನವರ ಹತ್ರ ಕೂತು ಸಮಾಧಾನವಾಗಿ ಒಂದು ಮಾತಾಡ್ಬಾರ್ದಾ?" ಎಂದಳು. ಪಾಲಾದ ಮೇಲೆ ಅಣ್ಣನಿಗೂ ನನಗೂ ಜಗಳವೇನೂ ಇರಲಿಲ್ಲ. ಹಬ್ಬಕ್ಕೆ ಹೋಗುತ್ತಿದ್ದೆವು, ಮಠಕ್ಕೆ ಒಟ್ಟಿಗೆ ನಡೆಯುತ್ತಿದ್ದೆವು. ತೋಟದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಯಾರಿಗೆ ಒಳ್ಳೆಯದು ಬಂತು ಎನ್ನುವಲ್ಲಿಗೇ ಅದು ಹೋಗಿ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅಂಗಡಿಯಿಂದ ಅದೇ ಜಾತಿಯ ಕೇಬಲ್ಲಿನ ಒಂದು ತುಂಡು ತಂದು ಮಹಡಿ ಮೆಟ್ಟಿಲ ಮೇಲೆ ಹಾಸಿ ಪಲ್ಸು ಬಿಟ್ಟೆ. ಸ್ಕೋಪಿನ ಪರದೆಯ ಮೇಲೆ ಗೆರೆ ಒಂದು ಮೆಟ್ಟಿಲು ಹತ್ತಿತು, ಸ್ವಲ್ಪ ದೂರ ಸಾಗಿ ಇನ್ನೊಂದು ಮೆಟ್ಟಿಲು ಹತ್ತಿತು. ಆ ಎರಡನೆಯದು ತಂತಿಯ ತುದಿ ಮುಟ್ಟಿ ಬಂದದ್ದು. ಲೆಕ್ಕ ಹಾಕಿದರೆ ತುಂಡಿನ ಉದ್ದ ಸರಿಯಾಗಿ ಬಂತು. ಮೂವತ್ತು ವರ್ಷ ಚಿಕ್ಕವನಾದ ಹಾಗೆ ಆಯಿತು. ಆಮೇಲೆ, ಇಷ್ಟು ಸಲೀಸಾಗಿ ಸರಿಬಂದರೆ ಏನೋ ತಪ್ಪಿರಬೇಕು ಎಂದು ಹೆದರಿಕೆ ಶುರುವಾಯಿತು.

ಒಂದು ಭಾನುವಾರ ತೋಟಕ್ಕೆ ಹೋದೆ. ಕೇಬಲ್ಲನ್ನು ಎರಡೂ ಕೊನೆಯಲ್ಲಿ ಬಿಚ್ಚಿದೆ. ಮೊದಲು ಸ್ಟಾರ್ಟರ್ ಕೋಣೆಯಿಂದ ಪಲ್ಸು ಬಿಟ್ಟು ಮುರಿದ ಜಾಗ ಅಲ್ಲಿಂದ ಎಷ್ಟು ದೂರ ಎಂದು ನೋಡಿದೆ. ಚಿಂತೆಯವನಾದ್ದರಿಂದ ಬೋರಿನ ಕಡೆಯಿಂದಲೂ ನೋಡಿದೆ. ಎರಡು ದೂರಗಳನ್ನು ಕೂಡಿದರೆ ಕೋಣೆಯಿಂದ ಬೋರಿಗೆ ಟೇಪು ಹಿಡಿದು ಅಳೆದಷ್ಟು ಬರಬೇಕು. ಬರಲಿಲ್ಲ. ಸಾಕಷ್ಟು ಹೆಚ್ಚು ಬಂತು.

ಒಬ್ಬ ಸಾಮಾನ್ಯ ಮನುಷ್ಯನಾಗಿದ್ದರೆ, ಇಲ್ಲದ ತಂತಿ ಎಲ್ಲಿಂದ ಬಂತು ಎಂದು ಯಾರನ್ನಾದರೂ ಕೇಳುತ್ತಿದ್ದ. ನಾನು ಓದಿದವನು. ಮರದ ನೆರಳಲ್ಲಿ ಕೂತು ಕಾರಣ ಹುಡುಕಿದೆ. ನನ್ನ ಲೆಕ್ಕ ಹೊಸ ಕೇಬಲ್ಲಿನದು. ಇದು ಹಳೆಯದು, ವರ್ಷಗಟ್ಟಲೆ ಒದ್ದೆ ಮಣ್ಣಿನಲ್ಲಿ ಮಲಗಿದೆ, ಪ್ಲಾಸ್ಟಿಕ್ಕು ನೀರು ಕುಡಿದಿದೆ, ಒಳಗೆ ಪಲ್ಸು ನಿಧಾನಕ್ಕೆ ಹೋಗುತ್ತಿದೆ. ಹೊತ್ತು ಹೆಚ್ಚು ಹಿಡಿದದ್ದರಿಂದ ದೂರ ಹೆಚ್ಚಾಗಿ ಕಾಣುತ್ತಿದೆ. ಎಷ್ಟು ಚೆಂದದ ಕಾರಣ. ಪಲ್ಸಿನ ವೇಗವನ್ನು ಬೇಕಾದಷ್ಟು ಕಡಿಮೆ ಮಾಡಿದೆ. ಎರಡು ಲೆಕ್ಕಗಳೂ ಒಂದೇ ಜಾಗದಲ್ಲಿ ಬಂದು ಕೈ ಕುಲುಕಿದವು. ಅಲ್ಲೊಂದು ಗೂಟ ಹೊಡೆದೆ.

ಮರುವಾರ ಅಗೆಯಲು ಒಬ್ಬ ಆಳನ್ನು ಕರೆದುಕೊಂಡು ಹೋದೆ. ಅಣ್ಣ ಸ್ಕೂಟರಿನಲ್ಲಿ ನಮಗಿಂತ ಮುಂಚೆಯೇ ಬಂದು ನಿಂತಿದ್ದ. ಏಲಕ್ಕಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮೂಸಿದ.

"ಪಾಯಸ ಮಾಡಕ್ಕೆ ಬಂದಿದ್ದೀಯೇನ್ಲಾ?"

"ಇದರಿಂದಲೇ ಜಾಗ ಹಿಡಿದದ್ದು ಅಣ್ಣ."

"ಬೋರ್ ಪಾಯಿಂಟ್ ನೋಡಕ್ಕೆ ಅಂಗೈ ಮೇಲೆ ಕಾಯಿ ಇಟ್ಕಂಡು ಬತ್ತಾರಲ್ಲ, ಅವ್ರಿಗೂ ನಿಂಗೂ ಏನು ವ್ಯತ್ಯಾಸ ಕಣೋ?"

"ಅವ್ರಿಗೆ ದಕ್ಷಿಣೆ ಕೊಡ್ತಾರೆ" ಎಂದೆ. ಅಣ್ಣ ಜೋರಾಗಿ ನಕ್ಕ. ಆ ಗಳಿಗೆಯಲ್ಲಿ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು.

ಗುಂಡಿ ಮೊಣಕಾಲು ದಾಟಿದ ಮೇಲೆ ಕೇಬಲ್ಲು ಸಿಕ್ಕಿತು. ಆಳು ಅದರ ಮೇಲಿನ ಮಣ್ಣನ್ನು ಕೈಯಲ್ಲೇ ಬಳಿದು ತೆಗೆದ. ನಾನು ಇಳಿದು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ, ಕನ್ನಡಕ ಹಾಕಿ, ತೆಗೆದು ನೋಡಿದೆ. ಗೀರು ಕೂಡ ಇರಲಿಲ್ಲ. ಅಂಗಡಿಯಲ್ಲಿಟ್ಟರೆ ಮಾರಾಟವಾಗುವ ಹಾಗಿತ್ತು.

"ಸಿಕ್ತಾ?" ಅಣ್ಣ ಮೇಲಿಂದ ಕೇಳಿದ.

"ತಂತಿ ಸಿಕ್ತು."

"ತಂತಿ ಉದ್ದಕ್ಕೂ ಐತೆ ಕಣೋ. ಮುರಿದಿರೋದು ಸಿಕ್ತಾ?"

ನಾನು ಕೇಬಲ್ಲನ್ನು ಇನ್ನೊಂದು ಸಲ ಒರೆಸಿದೆ. ಅವನು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. "ಅಪ್ಪ ಸ್ಟಾರ್ಟರ್ ಕೋಣೆ ಹಿಂದೆ ಒಂದು ಸಿಂಬಿ ತಂತಿ ಹೂತಿತ್ತಲ್ಲ, ಅದನ್ನ ಲೆಕ್ಕಕ್ಕೆ ಹಿಡ್ದಿದ್ದೀಯ ತಾನೇ?"

ನಮ್ಮ ಕಡೆ ಹಳೆಯ ಕಾಲದವರು ಹಾಗೆ ಮಾಡುತ್ತಿದ್ದರು. ನಾಳೆ ಬೋರು ಬತ್ತಿ ಇನ್ನೊಂದು ಕಡೆ ಕೊರೆಸಿದರೆ ತಂತಿ ಸಾಲದೆ ಬರಬಾರದು, ನಡುವೆ ಗಂಟು ಹಾಕಿದರೆ ಅಲ್ಲೇ ನೀರು ಇಳಿಯುತ್ತದೆ ಎಂದು, ಮಿಕ್ಕ ತಂತಿಯನ್ನು ಕತ್ತರಿಸದೆ ಸುತ್ತಿ ಹೂಳಿಬಿಡುತ್ತಿದ್ದರು. ನನ್ನ ಪಲ್ಸು ಪಾಪ, ಆ ಸಿಂಬಿಯೊಳಗೆ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಮುಂದೆ ಹೋಗಿತ್ತು. ಅದು ಅಳೆದದ್ದು ತಂತಿಯನ್ನು. ನೆಲವನ್ನಲ್ಲ. ಆ ಹೆಚ್ಚಿನ ಉದ್ದವನ್ನು ನಾನು ಒದ್ದೆ ಮಣ್ಣಿನ ತಲೆಗೆ ಕಟ್ಟಿದ್ದೆ.

"ನಿನಗೆ ಗೊತ್ತಿತ್ತಾ?"

"ಆ ಸಿಂಬಿಗೆ ಗುಂಡಿ ತೋಡ್ದೋನೇ ನಾನು. ನೀನು ಆಗ ಹಾಸ್ಟೆಲ್ಲಲ್ಲಿದ್ದೆ."

"ಹೇಳ್ಬೋದಿತ್ತಲ್ಲ ಅಣ್ಣ."

"ನೀನು ನನ್ನ ಕೇಳ್ದ್ಯಾ?" ಅವನ ದನಿ ಏರಲಿಲ್ಲ. "ಡಬ್ಬಿನ ಕೇಳ್ದೆ."

ಆಳು ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡಿ ಬೀಡಿ ಹಚ್ಚಿದ. ಗುಂಡಿಯಲ್ಲಿ ನಿಂತೇ ನಾನು ಮನಸ್ಸಿನಲ್ಲಿ ಲೆಕ್ಕ ತಿದ್ದಿದೆ. ಸಿಂಬಿ ಇರುವುದು ಕೋಣೆಯ ಕಡೆ. ಹಾಗಿದ್ದರೆ ಬೋರಿನ ಕಡೆಯಿಂದ ಅಳೆದದ್ದು, ವೇಗಕ್ಕೆ ಕೈ ಹಾಕದೆ ಬಿಟ್ಟಿದ್ದರೆ, ಸರಿಯಾಗಿಯೇ ಇತ್ತು. ಮುರಿದ ಜಾಗ ಇಲ್ಲಿಂದ ರಸ್ತೆಯ ಕಡೆಗೆ ಒಂದು ಮರದ ಅಂತರ. ಅಷ್ಟೇ. ನಿಂತಲ್ಲಿಂದಲೇ ಕಾಣುತ್ತಿತ್ತು, ಒಣಗಿದ ಗರಿಯೊಂದು ಅದರ ಮೇಲೆ ಬಿದ್ದಿತ್ತು.

"ಮುಚ್ಚೋ" ಎಂದು ಅಣ್ಣ ಆಳಿಗೆ ಹೇಳಿದ. ನಾನು ಇನ್ನೂ ಒಳಗೇ ಇದ್ದೆ. ಹತ್ತಿ ಬಂದೆ.

ಆಮೇಲಿನ ವಾರಗಳಲ್ಲಿ ಪಕ್ಕದ ತೋಟದವರ ಬೋರಿನಿಂದ ಪೈಪು ಎಳೆದು ನೀರು ಬಿಟ್ಟೆ. ಅವರು ತಮ್ಮದು ಮುಗಿದ ಮೇಲೆ ಕೊಡುತ್ತಿದ್ದರು, ಕೊಟ್ಟಷ್ಟು ಹೊತ್ತೂ ಪೈಪಿನ ಪಕ್ಕ ನಿಂತಿರುತ್ತಿದ್ದರು. "ಅಣ್ಣಾವ್ರದು ಬೋರಿಲ್ವಾ?" ಎಂದು ಒಂದು ಸಲ ಕೇಳಿದರು. ಇದೆ, ಪಾಲಾದ ಮೇಲೆ ತನಗೇ ಬೇರೆ ಕೊರೆಸಿಕೊಂಡಿದ್ದಾನೆ ಎಂದೆ. "ಹೌದಾ" ಎಂದು ಆಕಾಶ ನೋಡಿದರು.

ಹೆಂಡತಿ ಬೇರೇನೂ ಹೇಳಲಿಲ್ಲ, "ಹೋಗಿ ಕೇಳ್ರೀ. ನೀವು ಕೇಳ್ಲಿ ಅಂತಾನೇ ಅವ್ರು ಕಾಯ್ತಿರೋದು" ಎಂದಳು. "ಅವನು ಹೇಳಲಿ ಅಂತ ನಾನು ಕಾಯ್ತಿದ್ದೀನಿ" ಎಂದೆ. "ಸರಿ, ಮರಗಳೂ ಕಾಯ್ತವೆ" ಎಂದು ಒಳಗೆ ಹೋದಳು.

ಹಾಗಿರುವಾಗ ಅಣ್ಣನದೇ ಫೋನು ಬಂತು.

"ಏನ್ಲಾ, ಆ ಡಬ್ಬಿ ಇನ್ನೂ ಐತಾ? ಗೋಡೌನಿನ ಕ್ಯಾಮರಾ ಒಂದು ಸತ್ತೋಗೈತೆ. ತಂತಿ ಹೋಗೈತೆ ಅಂತಾರೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕಾಯಿ ಚೀಲ ಎಲ್ಲ ಇಳಿಸಿ ಹುಡುಕ್ಬೇಕಂತೆ."

ಹೋದೆ. ಹೋಗಬಾರದಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡೆ, ಬ್ಯಾಟರಿ ಮಾತ್ರ ಹೊಸದು ಹಾಕಿಕೊಂಡೇ ಹೋಗಿದ್ದೆ. ಈ ಸಲ ಮೊದಲು ಕೇಳಿದೆ, ತಂತಿಯನ್ನು ಎಲ್ಲಾದರೂ ಸುತ್ತಿ ಇಟ್ಟಿದ್ದೀರಾ ಎಂದು. ಇಲ್ಲ ಎಂದರು. ಪಲ್ಸು ಬಿಟ್ಟು, ಲೆಕ್ಕ ಹಾಕಿ, ಅಟ್ಟದ ತೊಲೆಯ ಒಂದು ಜಾಗ ತೋರಿಸಿದೆ. ಒಬ್ಬ ಏಣಿ ಹತ್ತಿ ಟಾರ್ಚು ಬಿಟ್ಟ. ಕೊಬ್ಬರಿ ಎಣ್ಣೆಯ ಕೈಯಲ್ಲಿ ಮುಟ್ಟಿದ ತಂತಿ, ಇಲಿಗಳು ಸಿಪ್ಪೆ ಸುಲಿದು ತಿಂದಿದ್ದವು. ನಾನು ಹೇಳಿದ ಜಾಗಕ್ಕೂ ಅದಕ್ಕೂ ಅಂಗೈ ಅಗಲದ ವ್ಯತ್ಯಾಸ.

ಅಣ್ಣ ಡಬ್ಬಿಯನ್ನು ಎತ್ತಿ ಪಕ್ಕದ ಮಂಡಿಯವರಿಗೆಲ್ಲ ತೋರಿಸಿದ. "ನಮ್ ತಮ್ಮ ಕೈಯಾರೆ ಮಾಡಿರೋದು ಕಣ್ರಪ್ಪ. ಕಾಯಿ ಅಲ್ಲಾಡಿಸಿ ನೋಡ್ತೀವಲ್ಲ, ಹಂಗೇ ಇದು ತಂತಿನ ಅಲ್ಲಾಡಿಸಿ ನೋಡ್ತದೆ." ಅಷ್ಟು ಚೆನ್ನಾಗಿ ಅದನ್ನು ನಾನೂ ಹುಡುಗರಿಗೆ ಹೇಳಿರಲಿಲ್ಲ.

ಕಾಫಿ ಬಂತು. ಉಳಿದವರು ತಮ್ಮ ತಮ್ಮ ರಾಶಿಗಳ ಕಡೆ ಹೋದರು. ಅಣ್ಣ ಲೋಟದೊಳಗೆ ನೋಡುತ್ತ ಕೇಳಿದ.

"ತೋಟದ ಕೇಬಲ್ಲು ಏನ್ ಮಾಡ್ದೆ?"

ಅವನು ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ. ಇನ್ನೊಂದು ಗುಂಡಿ ತೆಗೀಲಾ ಅಣ್ಣ, ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಬಾಯಿಗೆ ಬಂದಿತ್ತು. ಆದರೆ ಗುಂಡಿಯೊಳಗೆ ನಾನಿರುವಾಗಲೇ "ಮುಚ್ಚೋ" ಎಂದದ್ದು ಅದಕ್ಕಿಂತ ಮುಂಚೆ ನೆನಪಿಗೆ ಬಂದಿತ್ತು.

"ಹೊಸ ಕೇಬಲ್ ತರ್ಸಿದ್ದೀನಿ" ಎಂದೆ. "ನಿನ್ನ ಪಾಲು ಬಿಟ್ಟು, ಬದುವಿನ ಮೇಲೆ ಸುತ್ತು ಹಾಕಿ ಎಳೆಸ್ತೀನಿ."

"ಅಷ್ಟು ದೂರನಾ?"

"ಹೂಂ."

ಅವನು ಲೋಟ ಕೆಳಗಿಟ್ಟ. ರಾಶಿಯಿಂದ ಒಂದು ಕಾಯಿ ತೆಗೆದುಕೊಂಡ, ಕಿವಿಗೆ ಹಿಡಿಯದೆ ಹಾಗೇ ಪಕ್ಕಕ್ಕೆ ಹಾಕಿದ. "ತರ್ಸಿದ್ಮೇಲೆ ಇನ್ನೇನು" ಎಂದ.

ನಾನು ಕೇಬಲ್ಲು ತರಿಸಿರಲಿಲ್ಲ. ಆಡಿದ ಸುಳ್ಳು ಸಂಜೆಯೊಳಗೆ ನಿಜವಾಗಲಿ ಎಂದು ಮಂಡಿಯಿಂದ ನೇರ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಎಷ್ಟು ಉದ್ದ ಬೇಕು ಸಾರ್ ಎಂದು ಅಂಗಡಿಯವನು ಕೇಳಿದ. ಬದುವನ್ನು ನಾನು ಅಳೆದೇ ಇರಲಿಲ್ಲ.